ಮೂಲೆಯ ಮೇಜಿಗೆ ತಾಯಿಯನ್ನು ಕೂರಿಸಿದವನು

...ಅಥವಾ ಆ ಅಂಗಿ ಕಪ್ಪಾಗಿರಲೇ ಇಲ್ಲವೇನೋ. ನನ್ನ ತಲೆಯಲ್ಲಿ ಅದು ಕಪ್ಪು. ಮೊಣಕಾಲಿನಿಂದ ಕೆಳಕ್ಕೂ ಇಳಿಯುವ, ಕತ್ತಿನ ಹತ್ತಿರ ಬಿಳಿ ಲೇಸು ಇರುವ ಕಪ್ಪು ಫ್ರಾಕು. ಹೆಂಡತಿಯನ್ನು ಕೇಳಿದರೆ ಕಡುನೀಲಿ ಎನ್ನುತ್ತಾಳೆ, ಲೇಸು ಇರಲೇ ಇಲ್ಲ ಎನ್ನುತ್ತಾಳೆ. ನಾವಿಬ್ಬರೂ ಒಪ್ಪುವುದು ಇಷ್ಟನ್ನು ಮಾತ್ರ: ಜೀವಮಾನವಿಡೀ ಸೀರೆ ಉಟ್ಟ ಎಪ್ಪತ್ತು ದಾಟಿದ ಹೆಂಗಸಿಗೆ ಆ ಅಂಗಿ ತೊಡಿಸಿ, ಅಬುಧಾಬಿಯ ಖಾಲಿದಿಯಾದ ಒಂದು ಸಣ್ಣ ಇಟಾಲಿಯನ್ ರೆಸ್ಟೋರೆಂಟಿನ ಮೂಲೆಯ ಮೇಜಿಗೆ ಪ್ರತಿ ಸಂಜೆ ಕೂರಿಸಿದವನು ಅವರ ಸ್ವಂತ ಮಗ.

ಅವನು ಸತ್ತ ಸುದ್ದಿ ಮೊನ್ನೆ ಬಂತು, ನಾವು ಹಿಂದೆ ಇದ್ದ ಕಟ್ಟಡದವರ ಮೊಬೈಲ್ ಗುಂಪಿನಲ್ಲಿ. ಕೈಮುಗಿದ ಚಿತ್ರಗಳ ಸಾಲು. ನಡುವೆ ಯಾರೋ ಬರೆದಿದ್ದರು: ತಾಯಿಯನ್ನು ರಾಣಿಯ ಹಾಗೆ ನೋಡಿಕೊಂಡ ಮಗ. ಅದನ್ನು ಓದಿ ನನಗೆ ಬಂದ ಸಿಟ್ಟಿನಲ್ಲಿ, ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎಂಬ ಮರ್ಯಾದೆಯನ್ನು ಬದಿಗಿಟ್ಟು ಇದನ್ನು ಬರೆಯಲು ಕೂತೆ. ರಾಣಿ ಹೌದು. ಇಸ್ಪೀಟಿನ ರಾಣಿ. ಆಟ ನಡೆಯುವಾಗ ಮೇಜಿನ ಮೇಲೆ ಹಾಕುವ ರಾಣಿ.

ಅವನು ಮಂಗಳೂರಿನ ಕಡೆಯ ಕ್ರೈಸ್ತ, ಮನೆಮಾತು ಕೊಂಕಣಿ. ದುಬೈಯ ಯಾವುದೋ ದೊಡ್ಡ ಹೋಟೆಲಿನ ಇಟಾಲಿಯನ್ ಅಡುಗೆಮನೆಯಲ್ಲಿ ಬಹಳ ವರ್ಷ ಬೆವರು ಹರಿಸಿ, ನಾವು ಖಾಲಿದಿಯಾಕ್ಕೆ ಬಂದ ವರ್ಷವೇ ನಮ್ಮ ಕಟ್ಟಡದ ಕೆಳಗೆ, ಲಾಂಡ್ರಿಗೂ ಕಿರಾಣಿ ಸಾಮಾನಿನ ಬಕಾಲಾಕ್ಕೂ ನಡುವೆ ಸ್ವಂತದ್ದೊಂದು ತೆರೆದ. ಕೆಂಪು ಬಿಳಿ ಚೌಕುಳಿಯ ಮೇಜುಬಟ್ಟೆ. ಗೋಡೆಯ ಮೇಲೆ ಕಂದು ಬಣ್ಣಕ್ಕೆ ತಿರುಗಿದ ಒಂದು ಅಜ್ಜಿಯ ಫೋಟೋ. ಬೋರ್ಡಿನ ಮೇಲೆ 'ಫ್ಯಾಮಿಲಿ ಓನ್ಡ್' ಎಂದು ಇಂಗ್ಲಿಷಿನಲ್ಲಿ. ಯಾವ ಫ್ಯಾಮಿಲಿ? ಆಗಿನ ಕಾನೂನಿನಲ್ಲಿ ಇಂಥ ಅಂಗಡಿಯ ದೊಡ್ಡ ಪಾಲು ಕಾಗದದ ಮೇಲೆ ಸ್ಥಳೀಯ ಸ್ಪಾನ್ಸರ್‌ನದೇ ಆಗಿರಬೇಕಿತ್ತು. ಹೆಂಡತಿ ಮಕ್ಕಳಿದ್ದರೋ, ಇದ್ದು ಬಿಟ್ಟು ಹೋದರೋ, ಅವನು ಹೇಳಲಿಲ್ಲ, ನಾವು ಕೇಳಲಿಲ್ಲ. ಫ್ಯಾಮಿಲಿ ಎಂದು ಕಣ್ಣಿಗೆ ಕಾಣುತ್ತಿದ್ದದ್ದು ಆ ತಾಯಿ ಒಬ್ಬರೇ.

ಮತ್ತೆ ಆ ಗೋಡೆಯ ಫೋಟೋ. ಅದು ಅವನ ಸ್ವಂತ ಅಜ್ಜಿಯದು, ಮೂಡುಬಿದಿರೆಯ ಕಡೆಯವರದು. ಅದರಲ್ಲಿ ಮೋಸವಿಲ್ಲ. ಕುತ್ತಿಗೆಯಿಂದ ಕೆಳಗೆ ಕತ್ತರಿಸಿದ್ದ, ಅಷ್ಟೇ. ಸೀರೆ ಕಾಣಬಾರದಲ್ಲ.

ನಾನು ಕಂಟ್ರಾಕ್ಟಿಂಗ್ ಕಂಪನಿಯೊಂದರಲ್ಲಿ ನಕ್ಷೆ ಬರೆಯುತ್ತಿದ್ದವನು. ಗುರುವಾರ ಸಂಜೆ, ಮರುದಿನ ರಜೆ ಎಂಬ ಖುಷಿಯಲ್ಲಿ, ಹೆಂಡತಿಯನ್ನು ಕರೆದುಕೊಂಡು ಕೆಳಗಿಳಿಯುತ್ತಿದ್ದೆ. ಮೊದಲ ಸಲ ಬಾಗಿಲಲ್ಲೇ ನಮ್ಮ ಮಾತು ಕೇಳಿಸಿಕೊಂಡು ಅವನು ಹತ್ತಿರ ಬಂದ. ನುಣ್ಣಗೆ ಬೋಳಿಸಿದ ಮುಖ, ಹಿಂದಕ್ಕೆ ಬಾಚಿದ ಕೂದಲು, ಹೆಗಲ ಮೇಲೆ ಬಿಳಿ ಬಟ್ಟೆ.

"ಊರಿನವರಾ? ಯಾವ ಊರು ಮಾರಾಯ್ರೆ?"

"ಕುಂದಾಪುರ," ಎಂದೆ.

"ಅಯ್ಯೋ, ನಮ್ಮವರೇ." ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. ಆಮೇಲೆ ಸ್ವರ ಇಳಿಸಿದ. "ಒಂದು ಉಪಕಾರ ಮಾಡ್ಬೇಕು ಅಣ್ಣ. ಒಳಗೆ ಕನ್ನಡ ಬೇಡ. ಹೊರಗೆ ಎಷ್ಟು ಬೇಕಾದ್ರೂ ಮಾತಾಡುವ. ಒಳಗೆ ಇಂಗ್ಲಿಷ್."

ಹೆಂಡತಿ ಕನ್ನಡದಲ್ಲೇ ಕೇಳಿದಳು. "ಯಾಕೆ, ಕನ್ನಡ ಕೇಳಿದ್ರೆ ನಿಮ್ಮ ಪಾಸ್ತಾ ಹಳಸ್ತದಾ?"

ಅವನು ನಕ್ಕ. ಅವನ ನಗೆ ಬೆರಳಿನಿಂದ ಸ್ವಿಚ್ಚು ಒತ್ತಿದ ಹಾಗೆ ಹತ್ತಿ ಆರುತ್ತಿತ್ತು.

ಅವನ ಅಡುಗೆ ಚೆನ್ನಾಗಿತ್ತೋ? ಚೆನ್ನಾಗಿತ್ತು. ತಿರಸ್ಕಾರಕ್ಕೆ ಬೇಕೆಂದು ಇದನ್ನು ಬದಲಾಯಿಸಲು ಹೋಗುವುದಿಲ್ಲ. ಆದರೆ ಅದನ್ನು ತಿನ್ನುವುದಕ್ಕೆ ಅವನು ಬಿಡುತ್ತಿರಲಿಲ್ಲ. ಯಾರಾದರೂ ಸ್ಪಗೆಟ್ಟಿಯನ್ನು ಚಾಕುವಿನಿಂದ ತುಂಡು ಮಾಡಿದರೆ ಎದೆ ಹಿಡಿದುಕೊಂಡು ಬರುತ್ತಿದ್ದ. "ನೋ, ನೋ, ಮಮ್ಮಾ ವಿಲ್ ಕ್ರೈ." ಎಲ್ಲರೂ ಮೂಲೆಗೆ ತಿರುಗಿ ನೋಡುತ್ತಿದ್ದರು. ಮೂಲೆಯಲ್ಲಿ ಮಮ್ಮಾ ಮೇಜಿನ ಕೆಳಗೆ ಜಪಸರ ಎಣಿಸುತ್ತಾ, ತಮ್ಮ ಹೆಸರಿನಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯದೆ, ಸುಮ್ಮನೆ ತಲೆಯಾಡಿಸುತ್ತಿದ್ದರು. ಅಡುಗೆಮನೆಯ ಬಾಗಿಲ ಆಚೆ ಅವನಿಗೆ ಅವರು ಮಾಂಯ್, ಕೊಂಕಣಿಯ ಅಮ್ಮ. ಈಚೆ ಬಂದರೆ ಮಮ್ಮಾ.

ಒಮ್ಮೆ ಹೊರಗೆ, ಲಾಂಡ್ರಿಯ ಮುಂದೆ ಸಿಗರೇಟು ಸೇದುತ್ತಾ ನಿಂತಿದ್ದಾಗ ನಾನು ಕೇಳಿಯೇ ಬಿಟ್ಟೆ.

"ಎಂತದು ಮಾರಾಯ್ರೆ, ಇಟಲಿಯವರು ಅಂತ ಜನರನ್ನು ಮಂಗ ಮಾಡುದಾ?"

"ನಾನು ಯಾವಾಗ ಹೇಳಿದೆ ಇಟಲಿ ಅಂತ? ಬೋರ್ಡು ಓದಿ. ಅಡುಗೆ ಇಟಲಿಯದ್ದು. ಫ್ಯಾಮಿಲಿ ನಮ್ಮದು. ಯಾವ ಅಕ್ಷರ ಸುಳ್ಳು ತೋರಿಸಿ." ಹೊಗೆ ಬಿಟ್ಟ. "ಅಣ್ಣ, ಈ ಊರಿನಲ್ಲಿ ಎಲ್ಲರೂ ವೀಸಾದ ಮೇಲೆ ಬದುಕುವವರು. ಹೊಟ್ಟೆಗಾದರೆ ಆಚೆ ಬೀದಿಯಲ್ಲಿ ಶವರ್ಮ ಸಿಗ್ತದೆ. ಇಲ್ಲಿಗೆ ಬರುವುದು ಒಂದು ಅಜ್ಜಿ ಬೇಕು ಅಂತ. ನನ್ನ ಹತ್ತಿರ ಉಂಟು. ಇಟ್ಟಿದ್ದೇನೆ."

ಇಟ್ಟಿದ್ದೇನೆ ಎಂದನೋ, ಕೂರಿಸಿದ್ದೇನೆ ಎಂದನೋ. ನನಗೆ ನೆನಪಿರುವುದು 'ಇಟ್ಟಿದ್ದೇನೆ'. ನನ್ನ ನೆನಪು ನನ್ನ ಸಿಟ್ಟಿಗೆ ಒದಗುವ ಮಾತನ್ನೇ ಆರಿಸಿಕೊಂಡಿರುವುದು ಸಾಧ್ಯ.

ಅವನ ಬಗ್ಗೆ ಒಂದು ಕಥೆ ಊರಿನವರ ಕೂಟಗಳಲ್ಲಿ ಓಡಾಡುತ್ತಿತ್ತು. ಒಬ್ಬ ನಿಜವಾದ ಇಟಲಿಯ ಮುದುಕಿ ಊಟಕ್ಕೆ ಬಂದು, ಮೂಲೆಯ ತಾಯಿಯನ್ನು ನೋಡಿ ಪಕ್ಕದಲ್ಲಿ ಕೂತು ತನ್ನ ಭಾಷೆಯಲ್ಲಿ ಮಾತು ಶುರು ಮಾಡಿದಳಂತೆ. ಇವರು ಕೊಂಕಣಿಯಲ್ಲಿ ಉತ್ತರ ಕೊಟ್ಟರಂತೆ. ಇಬ್ಬರೂ ಸೊಸೆಯಂದಿರನ್ನು ಬೈದುಕೊಂಡು, ಕಣ್ಣೊರೆಸಿಕೊಂಡು, ಸಂತೋಷವಾಗಿ ಎದ್ದರಂತೆ. ಆ ಸಂಜೆ ಅಲ್ಲಿದ್ದೆವು ಎಂದು ಹೇಳಿಕೊಂಡವರೆಲ್ಲ ಬಂದಿದ್ದರೆ ಆ ಕೋಣೆಯಲ್ಲಿ ನಿಲ್ಲಲೂ ಜಾಗವಿರುತ್ತಿರಲಿಲ್ಲ. ನಾನೂ ಅಲ್ಲಿದ್ದೆ ಎಂದು ಎಷ್ಟೋ ಸಲ ಈ ಕಥೆ ಹೇಳಿದ್ದೇನೆ. ಹೆಂಡತಿಯ ಪ್ರಕಾರ ಬಂದವಳು ಲೆಬನಾನಿನವಳು, ಕೇಳಿದ್ದು ಟಾಯ್ಲೆಟ್ ಎಲ್ಲಿ ಎಂದು. ಅಷ್ಟು ಚೆಂದದ ಕಥೆಯನ್ನು ನಾನು ಈಗ ನಂಬುವುದಿಲ್ಲ. ಅದನ್ನು ಅವನೇ ಹುಟ್ಟಿಸಿ ಬಿಟ್ಟಿದ್ದರೂ ಆಶ್ಚರ್ಯವಿಲ್ಲ.

ನಂಬಬಹುದಾದದ್ದು ಬೆಸಾಂವ್. ಅದನ್ನು ನಾನು ಪ್ರತಿ ಗುರುವಾರ ನೋಡಿದ್ದೇನೆ.

ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಸಂಜೆಯ ಜಪಸರ ಪ್ರಾರ್ಥನೆ ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಬಾಗಿ 'ಬೆಸಾಂವ್ ದೀ' ಎಂದು ಆಶೀರ್ವಾದ ಕೇಳುತ್ತಾರೆ. ಹಿರಿಯರು ಕೈ ಎತ್ತಿ ಹಣೆಯ ಮೇಲೆ ಶಿಲುಬೆಯ ಗುರುತು ಮಾಡುತ್ತಾರೆ. ಅದಾಗದೆ ಆ ದಿನ ಮುಗಿಯುವುದಿಲ್ಲ. ಜಗಳವಾಡಿದ ದಿನವೂ ಕೇಳಲೇಬೇಕು, ಕೊಡಲೇಬೇಕು. ಇದನ್ನು ಇವನು ಎಂಟು ಗಂಟೆಗೆ, ಮೇಜುಗಳೆಲ್ಲ ತುಂಬಿದ ಹೊತ್ತಿಗೆ ಇಟ್ಟುಕೊಂಡಿದ್ದ. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬರುವನು. ದೀಪವೊಂದನ್ನು ತಗ್ಗಿಸುವನು. ಮೂಲೆಯ ಮೇಜಿನ ಮುಂದೆ ಬಾಗುವನು. "ಬೆಸಾಂವ್ ದೀ ಮಾಂಯ್." ತಾಯಿ ಹಣೆ ಮುಟ್ಟುವರು. ಇವನು ಆ ಕೈಯನ್ನು ಹಿಡಿದು ಮುತ್ತಿಡುವನು. ಬ್ರಿಟಿಷ್ ಹೆಂಗಸರು ಎದೆಯ ಮೇಲೆ ಕೈಯಿಟ್ಟುಕೊಳ್ಳುವರು. ಒಬ್ಬಿಬ್ಬರು ಚಪ್ಪಾಳೆ ತಟ್ಟುವರು. ಅದು ಇಟಲಿಯ ಪದ್ಧತಿ ಎಂದು ಜನ ತಿಳಿದುಕೊಂಡರು, ಅವನು ತಿದ್ದಲಿಲ್ಲ.

ಅಂಗಿಯನ್ನು ನಾನು ಕ್ಷಮಿಸಬಲ್ಲೆ. ಗೋಡೆಯ ಅಜ್ಜಿಯ ಕತ್ತನ್ನೂ ಬಿಡಬಲ್ಲೆ. ಇದನ್ನು ಅಲ್ಲ.

ಮಧ್ಯಾಹ್ನದ ಹೊತ್ತು ನನ್ನ ಹೆಂಡತಿ ಆ ತಾಯಿಯ ಜೊತೆ ಕೂರುತ್ತಿದ್ದಳು. ರೆಸ್ಟೋರೆಂಟಿನ ಮೇಲಿನ ಸಣ್ಣ ಫ್ಲ್ಯಾಟಿನಲ್ಲಿ ಅವರು ಸೀರೆಯಲ್ಲಿ ಇರುತ್ತಿದ್ದರು. ಅವಳಿಗೆ ಕೊಂಕಣಿ ಬರುತ್ತಿರಲಿಲ್ಲ, ಅವರಿಗೆ ಕನ್ನಡ ಅಷ್ಟಕ್ಕಷ್ಟೆ. ಆದರೂ ಮಾತು ನಿಲ್ಲುತ್ತಿರಲಿಲ್ಲ. ತೆನೆಹಬ್ಬದ ವಿಷಯ ಗೊತ್ತಾದದ್ದು ಹಾಗೆ. ಸೆಪ್ಟೆಂಬರಿನಲ್ಲಿ ಮೇರಿಯಮ್ಮನ ಹುಟ್ಟುಹಬ್ಬ. ಅವರ ಮಾತಿನಲ್ಲಿ ಮೊಂತಿ ಫೆಸ್ತ್. ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಅರೆದು, ತೆಂಗಿನ ಹಾಲಿನಲ್ಲಿ ಬೆರೆಸಿ, ಮನೆಯ ಹಿರಿಯರು ಒಬ್ಬೊಬ್ಬರಿಗೂ ಒಂದೊಂದು ಚಮಚ ಕೊಡಬೇಕು. ಮನೆಯವರಿಗೆ ಮಾತ್ರ. ಆ ದಿನ ಮೀನಿಲ್ಲ, ಮಾಂಸವಿಲ್ಲ. ವರ್ಷದಲ್ಲಿ ಆ ಒಂದು ಹಬ್ಬಕ್ಕೆ ತರಕಾರಿ ಮಾತ್ರ. ಮನೆತನದಲ್ಲಿ ಉಳಿದ ಹಿರಿಯರು ಅವರೊಬ್ಬರೇ. ಅವರು ಇಲ್ಲಿಗೆ ಬಂದ ಮೇಲೆ ಊರಿನ ಮನೆಯಲ್ಲಿ ಆ ಚಮಚ ಹಿಡಿಯಬೇಕಾದ ಕೈ ಇರಲಿಲ್ಲ.

"ನನಗೆ ಹಬ್ಬಕ್ಕೆ ಹೋಗ್ಲಿಕ್ಕುಂಟು," ಎಂದು ಅವರು ಹೆಂಡತಿಗೆ ಹೇಳುತ್ತಿದ್ದರಂತೆ. "ಒಂದು ಸಲ. ಮತ್ತೆ ಇಲ್ಲಿಯೇ ಸಾಯ್ತೇನೆ ಬೇಕಾದ್ರೆ."

ಆದರೆ ಸೆಪ್ಟೆಂಬರ್ ಎಂದರೆ ಅಬುಧಾಬಿಗೆ ಜನ ಮರಳುವ ತಿಂಗಳು. ಬೇಸಗೆಯ ಬಿಸಿಗೆ ಓಡಿಹೋದವರೆಲ್ಲ ಬಂದು, ಶಾಲೆಗಳು ತೆರೆದು, ರೆಸ್ಟೋರೆಂಟುಗಳು ಉಸಿರು ಬಿಡುವ ತಿಂಗಳು. ಮೊದಲ ವರ್ಷ ಟಿಕೆಟ್ ಸಿಗಲಿಲ್ಲ ಎಂದ. ಎರಡನೆಯ ವರ್ಷ ಪಾಸ್‌ಪೋರ್ಟು ವೀಸಾ ರಿನ್ಯೂವಲ್‌ಗೆ ಹೋಗಿದೆ ಎಂದ. ಮೂರನೆಯ ವರ್ಷ ನನ್ನ ಹೆಂಡತಿಯೇ ಬಕಾಲಾದ ಮುಂದೆ ಅವನನ್ನು ತಡೆದಳು.

"ಅವರನ್ನು ಯಾವಾಗ ಕಳಿಸ್ತೀರಿ?"

"ಕಳಿಸ್ತೇನೆ ಅಕ್ಕ. ಸೆಪ್ಟೆಂಬರಿನಲ್ಲಿ ಯಾರು ಊರಿಗೆ ಹೋಗ್ತಾರೆ? ಜುಲೈಯಲ್ಲಿ ಹೋಗ್ಲಿ, ಆರಾಮದಲ್ಲಿ ಒಂದು ತಿಂಗಳು ಕೂತು ಬರ್ಲಿ."

"ಜುಲೈಯಲ್ಲಿ ತೆನೆ ನಿಮ್ಮಪ್ಪ ಬಿಡಿಸ್ತಾರಾ?"

ಅವನು ಅದಕ್ಕೂ ನಕ್ಕ. "ತೆನೆ ತಾನೇ? ತೆನೆಯನ್ನು ಇಲ್ಲಿಗೇ ತರಿಸ್ತೇನೆ. ಮಾಂಯ್‌ಗೆ ಹಬ್ಬ ಬೇಕು, ಹಬ್ಬ ಮಾಡುವ. ಖಲಾಸ್."

ಇಲ್ಲಿ ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ನಾನೂ ಕತ್ತರಿಸಿದ ಫೋಟೋ ತೋರಿಸಿದ ಹಾಗೆ. ಒಂದು ಮಧ್ಯಾಹ್ನ ಹೆಂಡತಿ ಬಾಗಿಲು ತಟ್ಟಿದಾಗ ಆ ತಾಯಿ ಸೊಂಟಕ್ಕೆ ಕೈಯಿಟ್ಟು "ಬೋನ ಸೇರಾ" ಎಂದು, ಮಗ ಗಿರಾಕಿಗಳಿಗೆ ಹೇಳುವ ಇಟಲಿಯ ನಮಸ್ಕಾರದಲ್ಲೇ ಸ್ವಾಗತಿಸಿ, ತಾವೇ ಬಿದ್ದು ಬಿದ್ದು ನಕ್ಕರಂತೆ. ಮೂಲೆಯಲ್ಲಿ ಕೂತು ಬೇಸರವಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ, "ಊರಲ್ಲಿ ನನ್ನ ಕೈಗೆ ಯಾರು ಮುತ್ತು ಕೊಡ್ತಾರೆ ಮಗಳೇ?" ಎಂದರಂತೆ. ಹೆಂಡತಿ ಇದನ್ನು ನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ. ಅವನು ಅವರನ್ನು ಬೊಂಬೆ ಮಾಡಿದ ಎಂದು ನಾನು ಆಗಲೇ ತೀರ್ಮಾನಿಸಿಯಾಗಿತ್ತು. ಬೊಂಬೆ ನಕ್ಕರೆ ತೀರ್ಪು ಕೆಡುತ್ತದೆ.

ತೆನೆ ಬಂತು. ಊರಿನಿಂದ ಬರುತ್ತಿದ್ದ ಯಾರದೋ ಚೀಲದಲ್ಲಿ, ಬಾಳೆಲೆಯಲ್ಲಿ ಸುತ್ತಿ. ಮಧ್ಯಾಹ್ನ ನನ್ನ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ತಾಯಿ ಕಾಳು ಕಾಳು ಸುಲಿದರು. ಅವಳು ಸಹಾಯಕ್ಕೆ ಕೈ ಹಾಕಿದರೆ ಬೇಡವೆಂದರು. ಅದು ಮನೆಯವರ ಕೆಲಸ. ಅರೆದು, ತೆಂಗಿನ ಹಾಲು ಬೆರೆಸಿ, ಸಣ್ಣ ಬೋಗುಣಿಯಲ್ಲಿ ಇಟ್ಟರು. ಆ ಸಂಜೆ ಅಂಗಿ ತೊಡಲು ಒಪ್ಪಲಿಲ್ಲ. ಸೀರೆಯಲ್ಲೇ ಇಳಿದರು. ಅವನು ಸೀರೆಯ ಮೇಲೆ ಕಪ್ಪು ಶಾಲು ಹೊದಿಸಿದ. ಶಾಲು ಕಪ್ಪು ಎಂಬುದರಲ್ಲಿ ನಮಗಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಬಾಗಿಲ ಬಳಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ಮಮ್ಮಾಳ ಹೊಸ ಅಕ್ಕಿಯ ರಿಸೊಟ್ಟೊ, ಇಂದು ಮಾತ್ರ.

ನನಗೆ ಆಗಲೇ ಅರ್ಥವಾಗಬೇಕಿತ್ತು. ಅರ್ಥವಾದದ್ದು ತಟ್ಟೆಗಳು ಬಂದ ಮೇಲೆ. ಆ ಬೋಗುಣಿಯದ್ದನ್ನು ಅವನು ದೊಡ್ಡ ಪಾತ್ರೆಯ ರಿಸೊಟ್ಟೊಕ್ಕೆ, ಆ ಇಟಲಿಯ ಮೆತ್ತನೆಯ ಅನ್ನಕ್ಕೆ, ಸುರಿದು ಬೆರೆಸಿದ್ದ, ಎಲ್ಲ ಮೇಜುಗಳಿಗೂ ಸಾಲುವಂತೆ. ಬರೀ ಅನ್ನ, ತೆಂಗಿನ ಹಾಲು ಎಂದರೆ ಗಿರಾಕಿಗಳು ಮೂಗು ಮುರಿಯುತ್ತಾರೆ ಎಂದು ಮೇಲೆ ಸಿಗಡಿ ಹಾಕಿದ್ದ. ದಪ್ಪ ದಪ್ಪ ಸಿಗಡಿ, ಬೆಣ್ಣೆಯಲ್ಲಿ ಹುರಿದದ್ದು. ಮೊಂತಿ ಹಬ್ಬದ ಹೊಸ ಅಕ್ಕಿಯ ಮೇಲೆ. ಜಪಸರ ಎಣಿಸುವ ತಾಯಿಯ ಕೈಯಲ್ಲೇ ಬೆಳೆದವನು.

ಮೊದಲ ತಟ್ಟೆಯನ್ನು ಅವನೇ ಮೂಲೆಯ ಮೇಜಿಗೆ ಒಯ್ದ. ಗಿರಾಕಿಗಳು ಮೊಬೈಲ್ ಎತ್ತಿ ಹಿಡಿದರು. ತಾಯಿ ಚಮಚದಿಂದ ಒಂದು ಬದಿ ಸರಿಸಿದರು. ಸಿಗಡಿಯೊಂದು ಮಗುಚಿ ಬಿತ್ತು.

"ಸುಂಗ್ಟಾಂ?" ಎಂದರು. ಸಿಗಡಿಯಾ? ಅಷ್ಟೇ. ಬೈಯುವ ಸ್ವರ ಅಲ್ಲ. ಮನೆಗೆ ಬಂದ ಅಪರಿಚಿತನನ್ನು ಯಾರು ಎಂದು ವಿಚಾರಿಸುವ ಸ್ವರ.

ಅವನು ಮೇಜುಗಳ ಕಡೆ ತಿರುಗಿ, ಕೈ ಅಗಲಿಸಿ, ಇಂಗ್ಲಿಷಿನಲ್ಲಿ ಹೇಳಿದ: "ಮಮ್ಮಾ ಸೇಸ್, ಈಟ್!"

ಎಲ್ಲರೂ ನಕ್ಕರು. ನನ್ನ ಎದುರಿಗೆ ಕೂತಿದ್ದ ಹೆಂಡತಿ ಚಮಚ ಕೆಳಗಿಟ್ಟಳು. "ಇವನಿಗೆ ಎಂತ ಬಂದದ್ದು," ಎಂದಳು, ಕನ್ನಡದಲ್ಲಿ, ಸಾಕಷ್ಟು ಗಟ್ಟಿಯಾಗಿ. ಯಾರಿಗೂ ಅರ್ಥವಾಗಲಿಲ್ಲ. ಅವನಿಗೆ ಆಗಿರಬೇಕು. ಅವನು ತಿರುಗಲಿಲ್ಲ. ಎಂಟು ಗಂಟೆಯಾಗಿತ್ತೋ ಇಲ್ಲವೋ, ದೀಪ ತಗ್ಗಿಸಿದ. ಮೂಲೆಯ ಮೇಜಿನ ಮುಂದೆ ಬಾಗಿದ.

"ಬೆಸಾಂವ್ ದೀ ಮಾಂಯ್."

ಈಗ ಹೇಳುವುದನ್ನು ನಾನು ಎಷ್ಟು ಸಲ ತಲೆಯೊಳಗೆ ಓಡಿಸಿದ್ದೇನೆಂದರೆ, ನೋಡಿದ್ದು ಯಾವುದು, ಓಡಿಸಿದ್ದು ಯಾವುದು ಬೇರ್ಪಡಿಸಲಾರೆ. ನಾನು ಕೂತಿದ್ದ ಕಡೆಯಿಂದ ತಾಯಿಯ ಬಲಗೈ ಮಡಿಲಲ್ಲಿತ್ತು. ಜಪಸರ ಸುತ್ತಿದ ಆ ಕೈ ಅಲುಗಲಿಲ್ಲ. ಅವನು ಬಾಗಿಯೇ ಇದ್ದ. ಎಂದಿಗಿಂತ ಹೆಚ್ಚು ಹೊತ್ತು. ಅಷ್ಟರಲ್ಲಿ ವೇಟರ್ ಒಬ್ಬ ತಟ್ಟೆಗಳನ್ನು ಎತ್ತಿಕೊಂಡು ನಮ್ಮ ನಡುವೆ ಹಾದು ಹೋದ. ಅವನು ದಾಟಿದ ಮೇಲೆ ಚಪ್ಪಾಳೆ ಶುರುವಾಗಿತ್ತು. ಮಗ ನೆಟ್ಟಗೆ ನಿಂತಿದ್ದ. ತಾಯಿ ತಟ್ಟೆಯನ್ನು ದೂರ ಸರಿಸಿ ಕಿಟಕಿಯ ಕಡೆ ನೋಡುತ್ತಿದ್ದರು. ಅವನು ಆ ಸಂಜೆ ಕೈಗೆ ಮುತ್ತಿಟ್ಟನೇ? ನನಗೆ ನೆನಪಿಲ್ಲ. ಅಡುಗೆಮನೆಗೆ ಹೋದವನು ಮತ್ತೆ ಹೊರಗೆ ಬರಲಿಲ್ಲ ಎಂಬುದು ಮಾತ್ರ ನೆನಪಿದೆ. ಅದೂ ನಾನು ಆಮೇಲೆ ಸೇರಿಸಿಕೊಂಡದ್ದಿರಬಹುದು.

ಅದೇ ತಿಂಗಳು ತಾಯಿ ಊರಿಗೆ ಹೋದರು. ಅವನು ಕಳಿಸಿದನೋ, ಅವರು ಹಟ ಹಿಡಿದು ಹೊರಟರೋ. ಹಬ್ಬ ಕಳೆದಿತ್ತು. ಊರಿನ ಬಾಗಿಲುಗಳ ಮೇಲೆ ಕಟ್ಟಿದ ತೆನೆ ಒಣಗಿರುತ್ತಿತ್ತು. ಅವರು ಮತ್ತೆ ಬರಲಿಲ್ಲ.

ಮೂಲೆಯ ಕುರ್ಚಿಯನ್ನು ಅವನು ತೆಗೆಯಲಿಲ್ಲ. ಅದರ ಬೆನ್ನಿಗೆ ಕಪ್ಪು ಶಾಲು ಹಾಕಿಟ್ಟ. ಗಿರಾಕಿಗಳು ಕೇಳಿದರೆ, "ಮಮ್ಮಾ ಈಸ್ ಇನ್ ದಿ ವಿಲೇಜ್, ಫಾರ್ ದಿ ಹಾರ್ವೆಸ್ಟ್," ಎನ್ನುತ್ತಿದ್ದ. ಅವನ ಬಾಯಿಂದ ಬಂದ ನಿಜದಲ್ಲೂ ಒಂದು ಮೆನು ಕಾರ್ಡಿನ ವಾಸನೆ ಇರುತ್ತಿತ್ತು. ಎಂಟು ಗಂಟೆಗೆ ದೀಪ ತಗ್ಗಿಸುವುದನ್ನು ನಿಲ್ಲಿಸಿದ. ನಾವು ಗುರುವಾರಗಳನ್ನು ಬೇರೆ ಕಡೆ ಕಳೆಯತೊಡಗಿದೆವು.

ಮರುವರ್ಷ ಸೆಪ್ಟೆಂಬರಿನಲ್ಲಿ, ಹಬ್ಬದ ವಾರ, ರೆಸ್ಟೋರೆಂಟಿನ ಶಟರ್ ಇಳಿದಿತ್ತು. ರಿಪೇರಿ ಕೆಲಸ ಎಂದು ಕಾಗದ ಅಂಟಿಸಿತ್ತು. ಒಳಗಿನಿಂದ ಯಾವ ಸದ್ದೂ ಇಲ್ಲ. ಬಕಾಲಾದವನು, ಊರಿಗೆ ಹೋಗಿದ್ದಾನೆ ಎಂದ. ಲಾಂಡ್ರಿಯವನು, ಇಲ್ಲ, ದುಬೈಯಲ್ಲಿ ಹೊಸ ಜಾಗ ನೋಡುತ್ತಿದ್ದಾನೆ, ದೇರಾದಲ್ಲಿ ನಾನೇ ಕಂಡೆ ಎಂದ. ಅವನು ಮರಳಿದ ಮೇಲೆ ನಾನು ಕೇಳಲಿಲ್ಲ. ಕೇಳಿದ್ದರೆ, ಯಾವುದು ಹೆಚ್ಚು ಚೆನ್ನಾಗಿ ಕೇಳಿಸುತ್ತದೋ ಅದನ್ನು ಹೇಳುತ್ತಿದ್ದ. ಕೆಲವು ವರ್ಷಗಳ ಮೇಲೆ ಆ ರೆಸ್ಟೋರೆಂಟೂ ಮುಚ್ಚಿತು. ಈಗ ಅಲ್ಲಿ ಮೊಬೈಲ್ ಅಂಗಡಿ. ತಾಯಿ ಅವನಿಗಿಂತ ಮೊದಲೇ ತೀರಿಕೊಂಡಿದ್ದರು.

ಸುದ್ದಿ ಬಂದ ದಿನ ಗುಂಪಿನಲ್ಲಿ ಯಾರೋ ಒಂದು ಫೋಟೋ ಹಾಕಿದರು. ಅದೇ ಸಂಜೆಯದು, ಸೀರೆ, ಶಾಲು, ತಟ್ಟೆ, ಎಲ್ಲ ಇದೆ. ರಾಣಿ ಮತ್ತು ಮಗ ಎಂದು ಕೆಳಗೆ ಬರೆದಿದ್ದರು. ನಾನು ಅದನ್ನು ಬೆರಳಿನಿಂದ ಎಳೆದು ದೊಡ್ಡದು ಮಾಡಿ ನೋಡಿದೆ. ಅವನ ಬಾಗಿದ ಬೆನ್ನು ಚಿತ್ರದ ಅರ್ಧವನ್ನು ತುಂಬಿದೆ. ತಾಯಿಯ ಮುಖದ ಒಂದು ಬದಿ ಕಾಣುತ್ತದೆ. ಕೈ ಎಲ್ಲಿರಬೇಕೋ ಅಲ್ಲಿ ಅವನ ತಲೆ ಅಡ್ಡವಾಗಿದೆ.

ಹೆಂಡತಿಗೆ ತೋರಿಸಿದೆ. "ಅವತ್ತು ಅವರು ಕೈ ಎತ್ತಿದ್ರಾ?"

"ಎತ್ತಿದ್ರು ಮಾರಾಯ್ರೆ. ತಾಯಿಯಲ್ವಾ."

"ತಾಯಿ ಅಂತ ಹೇಳ್ತಿದ್ದೀಯಾ, ನೋಡಿ ಹೇಳ್ತಿದ್ದೀಯಾ?"

ಅವಳು ಫೋಟೋವನ್ನು ಮತ್ತೆ ನೋಡಿದಳು. "ವೇಟರ್ ಅಡ್ಡ ಬಂದ," ಎಂದಳು. ಮೊಬೈಲನ್ನು ನನ್ನ ಕೈಗೆ ವಾಪಸು ಕೊಡುತ್ತಾ, "ಆದ್ರೂ ಎತ್ತಿದ್ರು ಅಂತ ಕಾಣ್ತದೆ."

ಅವನನ್ನು ನಾನು ತಿರಸ್ಕರಿಸಿದ್ದೆ, ಈಗಲೂ ತಿರಸ್ಕರಿಸುತ್ತೇನೆ. ಆ ಸಂಜೆ ಎಲ್ಲರ ಕಣ್ಣೆದುರು ಬಾಗಿ ಅಷ್ಟು ಹೊತ್ತು ನಿಂತದ್ದು ಗಿರಾಕಿಗಳಿಗಾಗಿಯೋ, ಆ ಕೈಗಾಗಿಯೋ, ಹೇಳಲಾರೆ. ಕೈ ಮೇಲೆ ಬಂತೋ ಇಲ್ಲವೋ, ನನಗೆ ಗೊತ್ತಿಲ್ಲ.